ಇಲಿಯ ದಾರಿ ಬಲ್ಲ ಬನಶಂಕರಮ್ಮ

ಹಿಂದೂಪುರದ ನೇಕಾರರ ಬೀದಿಯಲ್ಲಿ ಬನಶಂಕರಮ್ಮನ ಮನೆ ಎಲ್ಲಿ ಎಂದು ಕೇಳಿದರೆ 'ಯಾವ ಬನಶಂಕರಮ್ಮ?' ಎಂಬ ಮರುಪ್ರಶ್ನೆ ಬರುತ್ತದೆ. ಆ ಹೆಸರಿನವರು ಅಲ್ಲಿ ನಾಲ್ವರಿದ್ದಾರೆ. 'ಎಲುಕಲ ಬನಶಂಕರಮ್ಮ' ಎಂದರೆ ತೆಲುಗಿನವರೂ ಕನ್ನಡದವರೂ ಒಂದೇ ಬಾಗಿಲಿನ ಕಡೆ ಕೈ ತೋರಿಸುತ್ತಾರೆ. ಎಲುಕ ಅಂದರೆ ತೆಲುಗಿನಲ್ಲಿ ಇಲಿ. ಈ ಅಡ್ಡಹೆಸರು ಆಕೆಗೆ ಮೊದಮೊದಲು ಹಿಡಿಸಿರಲಿಲ್ಲ. ಈಗ ರೂಢಿಯಾಗಿದೆ.

ಆಕೆಗೆ ಐವತ್ತನಾಲ್ಕು ವರ್ಷ. ಹದಿನೆಂಟಕ್ಕೆ ಮದುವೆಯಾಗಿ ಈ ಮನೆಗೆ ಬಂದವಳು. ಮುಂದಿನ ಕೋಣೆಯಲ್ಲಿ ನೆಲಕ್ಕೆ ಗುಂಡಿ ತೋಡಿ ಕೂರಿಸಿದ ಮಗ್ಗ, ಹಿಂದೆ ಅಡುಗೆಮನೆ, ಪಕ್ಕದಲ್ಲಿ ಮಲಗುವ ಒಂದು ಕೋಣೆ. ಮಗ್ಗದಲ್ಲಿ ಗಂಡ ಆಂಜನಪ್ಪ ಕೂರುತ್ತಿದ್ದ. ಅವನು ಊಟಕ್ಕೆ ಎದ್ದಾಗ ಇವಳು ಕೂರುತ್ತಿದ್ದಳು. ಇದ್ದ ಒಬ್ಬಳೇ ಮಗಳು ಬನಶ್ರೀ ಓದಿ, ಪರೀಕ್ಷೆ ಬರೆದು, ಕಲ್ಯಾಣದುರ್ಗದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲೊಂದಕ್ಕೆ ವಾರ್ಡನ್ ಆಗಿ ಹೋಗಿದ್ದಳು.

ಮನೆಯಲ್ಲಿ ಇಲಿಗಳು ಮೊದಲಿನಿಂದಲೂ ಇದ್ದವು. ಹೆಗ್ಗಣವಲ್ಲ, ಹೆಬ್ಬೆರಳುದ್ದದ ಬೂದು ಬಣ್ಣದ ಚಿಟ್ಟಿಲಿಗಳು. ಯಾರೂ ಅವನ್ನು ಲೆಕ್ಕಕ್ಕೆ ಇಟ್ಟಿರಲಿಲ್ಲ. ಏಳು ವರ್ಷದ ಹಿಂದೆ ಒಂದು ಬೆಳಿಗ್ಗೆ ಆಂಜನಪ್ಪ ಮಗ್ಗದ ಮೇಲಿನ ಬಟ್ಟೆ ಸರಿಸಿದವನು ಹಾಗೇ ನಿಂತುಬಿಟ್ಟ. ಮದುವೆ ಸೀರೆಗೆಂದು ಹಾಕಿದ್ದ ಹೊಸ ರೇಷ್ಮೆ ಹಾಸು. ಮಗ್ಗದ ಉದ್ದಕ್ಕೂ ಬಿಗಿದು ಕಟ್ಟಿದ ಸಾವಿರಾರು ಎಳೆಗಳಲ್ಲಿ ಅಂಗೈ ಅಗಲದಷ್ಟು ಜಾಗದ ಎಳೆಗಳು ಕತ್ತರಿ ಆಡಿಸಿದ ಹಾಗೆ ತುಂಡಾಗಿದ್ದವು.

"ಏ ಇವ್ಳೇ, ಬಾ ಇಲ್ಲಿ. ಮುಗುದೋಯ್ತು ನೋಡು," ಎಂದ.

ಬನಶಂಕರಮ್ಮ ಎಣಿಸಿದಳು. ಮುನ್ನೂರ ಹನ್ನೆರಡು ಎಳೆ. ಬೆರಳ ತುದಿಗೆ ಬೂದಿ ಹಚ್ಚಿಕೊಂಡು ಒಂದೊಂದು ತುದಿಗೂ ಬೇರೆ ಎಳೆ ಹೊಸೆದು ಕೂಡಿಸಲು ಆಕೆಗೆ ಎರಡೂವರೆ ದಿನ ಹಿಡಿಯಿತು. ಕತ್ತು ಹಿಡಿದುಕೊಂಡಿತು. ಕಣ್ಣಲ್ಲಿ ನೀರು ಸುರಿಯಿತು.

ಆಂಜನಪ್ಪ ಅಷ್ಟರಲ್ಲಿ ಅಂಗಡಿಯಿಂದ ಇಲಿಪಾಷಾಣ ತಂದು ಮಗ್ಗದ ಗುಂಡಿಯಲ್ಲಿಯೂ ಒಲೆಯ ಹಿಂದೆಯೂ ಇಟ್ಟ. ನಾಲ್ಕನೇ ದಿನ ಗೋಡೆಯೊಳಗಿಂದ ಎಲ್ಲೋ ಸತ್ತ ವಾಸನೆ ಬರತೊಡಗಿತು. ಎಲ್ಲಿಂದ ಎಂದು ಗೊತ್ತಾಗಲಿಲ್ಲ. ಐದನೇ ದಿನ ಎದುರು ಮನೆಯ ಪೆದ್ದಮ್ಮನ ಬೆಕ್ಕು ಬೀದಿ ಬದಿಯ ಚರಂಡಿಯ ಹತ್ತಿರ ಮೂಗಿನಲ್ಲಿ ರಕ್ತ ಸುರಿಸಿಕೊಂಡು ಬಿದ್ದಿತ್ತು.

ಪೆದ್ದಮ್ಮ ಎಪ್ಪತ್ತು ದಾಟಿದ ವಿಧವೆ. ಗಂಡ ಹೋದ ಮೇಲೆ ಆ ಬೆಕ್ಕನ್ನು ಮಡಿಲಲ್ಲಿ ಹಾಕಿಕೊಂಡೇ ನೂಲು ಸುತ್ತುತ್ತಿದ್ದವಳು. ಬನಶಂಕರಮ್ಮ ಓಡಿಹೋಗಿ ನೋಡುವಷ್ಟರಲ್ಲಿ ಮುದುಕಿ ಬೆಕ್ಕನ್ನು ಸೀರೆ ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದಳು.

"ಅತ್ತೆ, ನಾವು ಬೆಕ್ಕಿಗೆ ಇಕ್ಕಿದ್ದಲ್ಲ..."

"ನೀ ಇಲಿಗೆ ಇಕ್ಕಿದ್ದು, ಇಲಿ ಬೆಕ್ಕಿಗೆ ಇಕ್ತು. ನಡೀ ನಿಮ್ಮನೆಗೆ," ಎಂದಳು ಪೆದ್ದಮ್ಮ. ಆಮೇಲೆ ಎಂಟು ತಿಂಗಳು ಮಾತಿಲ್ಲ. ದಿನಕ್ಕೆ ಹತ್ತು ಸಲ ಎದುರಾಗುವ ಬಾಗಿಲು. ಇವಳು ಕಸ ಗುಡಿಸಲು ಬಂದರೆ ಅವಳು ಒಳಗೆ ಹೋಗುತ್ತಿದ್ದಳು.

ಉಳಿದ ಪಾಷಾಣವನ್ನು ಬನಶಂಕರಮ್ಮ ಊರಾಚೆ ಗುಂಡಿ ತೋಡಿ ಹೂತು ಬಂದಳು. ಇನ್ನು ಮನೆಯೊಳಗೆ ಅದು ಬರಕೂಡದು ಎಂದಳು. ಹಾಗಾದರೆ ಇಲಿಗೆ ಏನು ಮಾಡುವುದು ಎಂದು ಗಂಡ ಕೇಳಿದ. ಆಗ ಆಕೆಗೆ ಒಂದು ಹೊಳೆಯಿತು. ಮೂವತ್ತು ವರ್ಷ ಒಂದೇ ಮನೆಯಲ್ಲಿ ಒಟ್ಟಿಗಿದ್ದರೂ ಅವು ಎಲ್ಲಿಂದ ಬರುತ್ತವೆ, ಏನು ತಿನ್ನುತ್ತವೆ, ಎಲ್ಲಿ ಮಲಗುತ್ತವೆ ಎಂಬುದು ತನಗೆ ತಿಳಿಯದು.

ತಿಳಿಯಬೇಕೆಂದರೆ ಹೆಜ್ಜೆ ಕಾಣಬೇಕು. ಮಲಗುವ ಮುಂಚೆ ಗೋಡೆಯ ಉದ್ದಕ್ಕೂ ರಾಗಿಹಿಟ್ಟು ಉದುರಿಸಿದಳು. ಬೆಳಿಗ್ಗೆ ನೋಡಿದರೆ ಹೆಜ್ಜೆಯೂ ಇಲ್ಲ, ಹಿಟ್ಟೂ ಇಲ್ಲ. ತಿಂದುಹೋಗಿದ್ದವು. ಆಂಜನಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಮರುದಿನ ರಂಗೋಲಿ ಪುಡಿ ಉದುರಿಸಿದಳು. ಅದನ್ನು ತಿನ್ನಲು ಬರುವುದಿಲ್ಲ. ಬೆಳಿಗ್ಗೆ ಕಪ್ಪು ನೆಲದ ಬಿಳಿ ಪುಡಿಯ ಮೇಲೆ ಸಾಸಿವೆ ಕಾಳು ಒತ್ತಿದಷ್ಟು ಸಣ್ಣ ಗುರುತುಗಳು, ನಡುವೆ ಬಾಲ ಎಳೆದ ಒಂದು ಗೆರೆ.

ಆ ಗುರುತು ಓದುವುದನ್ನು ಆಕೆ ಸುಮಾರು ಆರು ತಿಂಗಳಲ್ಲಿ ಕಲಿತಳು. ಇಲಿ ಕೋಣೆಯ ನಡುವೆ ನಡೆಯುವುದಿಲ್ಲ. ಮೀಸೆ ಗೋಡೆಗೆ ತಾಗುತ್ತಿರಬೇಕು, ಆಗಲೇ ಅದಕ್ಕೆ ಧೈರ್ಯ. ದೂರವೂ ಹೋಗುವುದಿಲ್ಲ. ಗೂಡಿನಿಂದ ಹತ್ತು ಹದಿನೈದು ಹೆಜ್ಜೆಯೊಳಗೆ ತಿನ್ನಲು ಏನಾದರೂ ಇದ್ದರೆ ಅದರ ಪ್ರಪಂಚ ಅಷ್ಟಕ್ಕೇ ಮುಗಿಯಿತು. ಒಂದೇ ಕಡೆ ಕೂತು ಹೊಟ್ಟೆ ತುಂಬ ಉಣ್ಣುವ ಜಾತಿಯಲ್ಲ ಅದು. ಇಲ್ಲೊಂದು ಕಾಳು, ಅಲ್ಲೊಂದು ಚೂರು, ಹೀಗೆ ಇಪ್ಪತ್ತು ಕಡೆ ಬಾಯಾಡಿಸುತ್ತದೆ. ಹೀಗಾಗಿ ಮನೆಯವರಿಗೆ ಏನೂ ಕಡಿಮೆಯಾದಂತೆ ಕಾಣುವುದಿಲ್ಲ. ಕುಡಿಯಲು ನೀರಿಲ್ಲದಿದ್ದರೂ ಕಾಳಿನೊಳಗಿನ ಪಸೆಯಲ್ಲೇ ಬದುಕಿಬಿಡುತ್ತದೆ. ಹೊಸದೊಂದು ಡಬ್ಬ ತಂದಿಟ್ಟರೆ ಹೆಗ್ಗಣ ವಾರಗಟ್ಟಲೆ ಅದರ ಹತ್ತಿರ ಸುಳಿಯುವುದಿಲ್ಲ. ಚಿಟ್ಟಿಲಿ ಮಾತ್ರ ಅದೇ ದಿನ ಸುತ್ತು ಹಾಕಿ ಮೂಸಿರುತ್ತದೆ.

ಹಾಗೆ ಹುಡುಕಿದಾಗ ಸಿಕ್ಕಿದ್ದು ಆಂಜನಪ್ಪನ ಕಡ್ಲೆಪುರಿ. ಅವನು ಮಗ್ಗದಲ್ಲಿ ಕೂತೇ ಪುರಿ ತಿನ್ನುತ್ತಿದ್ದ. ಉದುರಿದ್ದು ಗುಂಡಿಗೆ ಬೀಳುತ್ತಿತ್ತು. ಪುರಿ ತಿನ್ನಲು ಬಂದ ಇಲಿ, ಹಾಸಿನ ಎಳೆಗಳಿಗೆ ಸವರಿದ ಅಕ್ಕಿಗಂಜಿಯ ರುಚಿ ಕಂಡು ಮೇಲೆ ಹತ್ತಿತ್ತು.

"ಇನ್ಮ್ಯಾಕೆ ಪುರಿ ಅಡುಗೆಮನೆಯಾಗೆ. ಮಗ್ಗದಾಗೆ ತಿನ್ನಂಗಿಲ್ಲ," ಎಂದಳು.

"ಮಗ್ಗದಾಗೆ ಕೂತ್ರೆ ಬಾಯಿ ಸುಮ್ಕಿರಲ್ಲ ಕಣೇ."

"ಬಾಯಿ ಸುಮ್ಕಿರ್ಬೇಕು, ಇಲ್ಲಾ ಎಳೆ ನೀವೇ ಹೊಸೀಬೇಕು."

ಆಂಜನಪ್ಪ ಪುರಿ ಬಿಟ್ಟ. ಮೂಲೆಯಲ್ಲಿ ರೇಷ್ಮೆ ಚಿಂದಿಯ ಗಂಟೊಂದು ವರ್ಷಗಳಿಂದ ಬಿದ್ದಿತ್ತು. ಅದನ್ನು ಬಿಚ್ಚಿದಾಗ ಒಳಗೆ ಬಟ್ಟಲಿನ ಹಾಗೆ ಗೂಡು. ಗೂಡಿನಲ್ಲಿ ಆರು ಮರಿ. ಕಣ್ಣು ತೆರೆದಿರಲಿಲ್ಲ, ಮೈಮೇಲೆ ಕೂದಲಿರಲಿಲ್ಲ, ಸುಲಿದ ಕಡ್ಲೆಕಾಯಿ ಬೀಜದ ಬಣ್ಣ, ಹೆಚ್ಚುಕಡಿಮೆ ಅಷ್ಟೇ ಗಾತ್ರ. ಕೈಯಲ್ಲಿ ಪೊರಕೆ ಇತ್ತು, ಆದರೆ ಎತ್ತಲು ಆಗಲಿಲ್ಲ. ಗಂಟನ್ನು ಮೊದಲಿದ್ದಂತೆ ಮುಚ್ಚಿ ಇಟ್ಟು ಎದ್ದುಬಂದಳು. ಮರುದಿನ ಬೆಳಿಗ್ಗೆ ನೋಡಿದರೆ ಗೂಡು ಖಾಲಿ. ತಾಯಿ ಒಂದೊಂದಾಗಿ ಕಚ್ಚಿಕೊಂಡು ಬೇರೆಡೆ ಸಾಗಿಸಿತ್ತು. ಆರು ಸಲ ಹೋಗಿ ಆರು ಸಲ ಬಂದ ಗುರುತು ಪುಡಿಯ ಮೇಲೆ ಇತ್ತು. ಆ ಗುರುತು ಹೋಗಿ ನಿಂತಿದ್ದು ಬಾಗಿಲ ಚೌಕಟ್ಟಿನ ಕೆಳಗಿನ ಒಂದು ಸಂದಿಯಲ್ಲಿ. ಬನಶಂಕರಮ್ಮ ಕಿರುಬೆರಳು ತೂರಿಸಿ ನೋಡಿದಳು. ಉಗುರಷ್ಟೇ ಒಳಗೆ ಹೋಯಿತು. ಅಷ್ಟು ಸಾಕು ಇಲಿಗೆ. ತಲೆ ತೂರಿದರೆ ಮೈ ತೂರಿದಂತೆ.

ಮರಿಗಳು ದೊಡ್ಡವಾಗಿ ಹೊರಬೀಳುವವರೆಗೆ ಮೂರು ವಾರ ಕಾದಳು. ಆಮೇಲೆ ಬೋನು ಇಟ್ಟಳು, ಕೋಣೆಯ ನಡುವೆ ಅಲ್ಲ, ಗೋಡೆಗೆ ಒತ್ತಿ. ಒಳಗೆ ಹುರಿದ ಕಡ್ಲೆಬೀಜದ ಪುಡಿ. ಸಿಕ್ಕವನ್ನು ಆಂಜನಪ್ಪ ಒಯ್ಯುತ್ತಿದ್ದ. ಅವನ್ನು ಏನು ಮಾಡಿದ ಎಂದು ಆಕೆ ಕೇಳುತ್ತಿರಲಿಲ್ಲ. ಸಂದಿಗೆ ಪಾತ್ರೆ ಉಜ್ಜುವ ಸ್ಟೀಲ್ ನಾರು ತುರುಕಿ ಮೇಲೆ ಸಿಮೆಂಟು ಮೆತ್ತಿದಳು. ಇಲಿ ಸಿಮೆಂಟನ್ನು ಕೆರೆದೀತು, ಮರ ಕೊರೆದೀತು, ಆ ನಾರಿಗೆ ಮಾತ್ರ ಹಲ್ಲು ಹಾಕದು. ಇದಾದ ಮೇಲೆ ಮಗ್ಗದ ಎಳೆ ತುಂಡಾಗಲಿಲ್ಲ.

ಎಂಟನೇ ತಿಂಗಳಲ್ಲಿ ಪೆದ್ದಮ್ಮ ತಾನಾಗಿ ಬಾಗಿಲಿಗೆ ಬಂದಳು. ಬೆಕ್ಕು ಹೋದ ಮೇಲೆ ಆಕೆಯ ಮನೆಯಲ್ಲಿ ಇಲಿ ತುಂಬಿಕೊಂಡಿದ್ದವು. ಸುತ್ತಿಟ್ಟ ನೂಲಿನ ಉಂಡೆಯನ್ನೆಲ್ಲ ಕಡಿದಿದ್ದವು.

"ನಿನ್ನಿಂದ್ಲೇ ಆಗಿದ್ದು. ನೀನೇ ಬಂದು ನೋಡು," ಎಂದಳು, ಒಳಗೆ ಬಾರದೆ, ಹೊಸಿಲಾಚೆ ನಿಂತು.

"ಬತ್ತೀನಿ ನಡೀರಿ ಅತ್ತೆ," ಎಂದು ಬನಶಂಕರಮ್ಮ ರಂಗೋಲಿ ಡಬ್ಬ ಎತ್ತಿಕೊಂಡು ಹೊರಟಳು. ಬೀದಿಯಲ್ಲಿ ಅದು ಮೊದಲನೇ ಮನೆ. ಆಮೇಲೆ ಒಬ್ಬರಾದ ಮೇಲೊಬ್ಬರು ಕರೆಯತೊಡಗಿದರು. ಹೆಸರೂ ಅಂಟಿಕೊಂಡಿತು.

ಕಲ್ಯಾಣದುರ್ಗದಿಂದ ಬನಶ್ರೀ ಫೋನು ಮಾಡಿದ್ದು ಹೋದ ವರ್ಷ ಒಂದು ಭಾನುವಾರ. ದನಿಯಲ್ಲಿ ಅಳು ಇತ್ತು, ಸಿಟ್ಟೂ ಇತ್ತು. ಹಾಸ್ಟೆಲಿನ ಉಪ್ಪಿಟ್ಟಿನಲ್ಲಿ ಮೇಘನಾ ಎಂಬ ಎಂಟನೇ ಕ್ಲಾಸಿನ ಹುಡುಗಿಗೆ ಇಲಿಯ ಹಿಕ್ಕೆ ಸಿಕ್ಕಿತ್ತು. ಜೀರಿಗೆ ಎಂದುಕೊಂಡು ಬಾಯಿಗೆ ಹಾಕಿಕೊಂಡಿದ್ದಳಂತೆ. ಅಂದಿನಿಂದ ಹುಡುಗಿಯರು ಸರಿಯಾಗಿ ಊಟ ಮಾಡುತ್ತಿಲ್ಲ. ಯಾರೋ ಮೇಲಕ್ಕೆ ದೂರು ಬರೆದಿದ್ದಾರೆ. ಗುರುವಾರ ಇನ್ಸ್‌ಪೆಕ್ಷನ್.

"ಅಡುಗೆ ಬೀರಕ್ಕಂಗೆ ಮೆಮೊ ಕೊಟ್ಬುಟ್ಟೆ ಅಮ್ಮಾ. ಸ್ಟೋರ್ ರೂಮ್ ಕ್ಲೀನಾಗಿ ಇಟ್ಕೊಳ್ಳಲ್ಲ. ಉತ್ತರ ಸರಿಯಾಗಿ ಕೊಡ್ಲಿಲ್ಲಾಂದ್ರೆ ತೆಗೆದಾಕ್ತೀನಿ."

"ನೀ ಕಂಡ್ಯಾ, ಅವ್ಳು ಗಲೀಜು ಇಟ್ಟಿದ್ನ?"

"ಇಲಿ ಬಂದೈತೆ ಅಂದ್ಮೇಲೆ ಇನ್ನೇನು?"

"ನಾ ಬರಗಂಟ ಸುಮ್ಕಿರು ಕಣಮ್ಮ," ಎಂದಳು ತಾಯಿ.

ಸೋಮವಾರ ಬೆಳಿಗ್ಗೆ ಹೊರಟು, ಪೆನುಕೊಂಡದಲ್ಲಿ ಬಸ್ಸು ಬದಲಿಸಿ, ಮಧ್ಯಾಹ್ನದ ಹೊತ್ತಿಗೆ ಕಲ್ಯಾಣದುರ್ಗ ತಲುಪಿದಳು. ಹಾಸ್ಟೆಲು ಎರಡಂತಸ್ತಿನ ಹಳೇ ಕಟ್ಟಡ. ಕೆಳಗೆ ಅಡುಗೆಮನೆ, ಅದಕ್ಕೆ ಹೊಂದಿಕೊಂಡು ಸಾಮಾನಿನ ಕೋಣೆ, ಅದರ ಪಕ್ಕದ್ದೇ ವಾರ್ಡನ್ ರೂಮು. ಬೀರಕ್ಕ ಕುಂದುರ್ಪಿ ಕಡೆಯವಳು. ಹನ್ನೊಂದು ವರ್ಷದಿಂದ ಅಲ್ಲಿ ಅಡುಗೆ ಮಾಡುತ್ತಿದ್ದಳು. ಬನಶಂಕರಮ್ಮ ಒಳಗೆ ಬಂದಾಗ ಆಕೆ ಸಾರಿಗೆ ಬೇಳೆ ತೊಳೆಯುತ್ತಿದ್ದಳು. ವಾರ್ಡನ್ನರ ತಾಯಿ ಎಂದು ಗೊತ್ತಾದ ಮೇಲೂ ತಲೆ ಎತ್ತಲಿಲ್ಲ.

"ಬೀರಕ್ಕ, ಬೀಗ ತೆಗೀತೀಯಾ? ಒಳಗೆ ಒಂದ್ಸಲ ನೋಡ್ತೀನಿ."

"ನೋಡ್ರಿ ಅಕ್ಕ. ನೋಡಿ ನೀವೂ ಒಂದು ಮೆಮೊ ಕೊಟ್ಟೋಗ್ರಿ," ಎಂದು ಬೀರಕ್ಕ ಬೀಗದ ಕೈ ಚಾಚಿದಳು.

ಅಕ್ಕಿ ಮುಚ್ಚಳವಿದ್ದ ಸ್ಟೀಲಿನ ಪೀಪಾಯಿಯಲ್ಲಿತ್ತು. ಬೇಳೆ, ರವೆ ಡಬ್ಬಗಳಲ್ಲಿದ್ದವು. ನೆಲದ ಮೇಲೆ ಒಂದು ಕಾಳೂ ಇರಲಿಲ್ಲ. ಮೂಲೆಗಳಲ್ಲಿ ಕೂಡ ಜೇಡರ ಬಲೆ ಇಲ್ಲ. ತನ್ನ ಅಡುಗೆಮನೆಯೇ ಇಷ್ಟು ಚೊಕ್ಕ ಇಲ್ಲ ಎನಿಸಿತು ಬನಶಂಕರಮ್ಮನಿಗೆ. ಆದರೂ ಒಂದು ಗೋಡೆಯ ಬುಡದಲ್ಲಿ ಕಪ್ಪು ಹಿಕ್ಕೆಗಳಿದ್ದವು. ಆ ಗೋಡೆಗೆ ತಾಗಿದ ಹಲಗೆಯ ಮೇಲೆ ದಿನಬಳಕೆಯ ರವೆ ಅಳೆಯುವ ಬಟ್ಟಲು ಮಗುಚದೆ ಇತ್ತು. ಬೇರೆ ಮೂರು ಗೋಡೆ ಬೋಳು.

"ದಿನಾ ಗುಡಿಸ್ತೀನಿ ಅಕ್ಕ," ಎಂದಳು ಬೀರಕ್ಕ ಬಾಗಿಲಲ್ಲಿ ನಿಂತು. "ಬೆಳಿಗ್ಗೆ ನೋಡಿದ್ರೆ ಮತ್ತೆ ಅಷ್ಟೇ. ಇಲ್ಲಿ ಏನೂ ಸಿಕ್ಕಲ್ಲ ಅವುಕ್ಕೆ. ಯಾಕ್ ಬತ್ತವೋ ಆ ದೇವುಡಿಕೇ ತೆಲುಸು, ಆ ದೇವ್ರಿಗೇ ಗೊತ್ತು."

ಸಂಜೆ ಊಟದ ಮುಂಚೆ ಬನಶಂಕರಮ್ಮ ಸಾಮಾನಿನ ಕೋಣೆ, ನಡುವಿನ ಹಾದಿ, ಹುಡುಗಿಯರ ಟ್ರಂಕು ಇಡುವ ಕೋಣೆ ಮೂರರಲ್ಲಿಯೂ ಪುಡಿ ಉದುರಿಸಿದಳು. ಹುಡುಗಿಯರು ಸುತ್ತ ನಿಂತು ನೋಡಿದರು. ಬನಶ್ರೀಗೆ ನಾಚಿಕೆಯಾಯಿತು.

"ನಾಲ್ಕು ಬೋನು ತಂದಿಟ್ರೆ ಆಯ್ತಿತ್ತು ಅಮ್ಮಾ. ಇದೆಲ್ಲಾ ಯಾಕೆ?"

"ಎಲ್ಲಿಡ್ತೀಯಾ ಬೋನು? ಮನೆ ಯಾವ್ದು ಅಂತ ಗೊತ್ತಾಗ್ಬೇಕಲ್ಲ."

ಮಂಗಳವಾರ ಬೆಳಿಗ್ಗೆ ಹಾದಿಯಲ್ಲಿ ಹೆಜ್ಜೆ ಇರಲಿಲ್ಲ. ಟ್ರಂಕು ಕೋಣೆಯಲ್ಲೂ ಇರಲಿಲ್ಲ. ಸಾಮಾನಿನ ಕೋಣೆಯಲ್ಲಿ ಮಾತ್ರ ಗೋಡೆಯ ಗುಂಟ ಹೋಗಿ ಬಂದ ಸಾಲು. ಸಾಲು ಹುಟ್ಟಿದ್ದು ಕರೆಂಟು ವೈರಿನ ಕೊಳವೆ ಗೋಡೆ ತೂರುವ ಜಾಗದಲ್ಲಿ. ಕೊಳವೆಯ ಸುತ್ತ ಕಿರುಬೆರಳು ತೂರುವಷ್ಟು ಸಂದಿ, ಅಂಚು ಮೈ ಉಜ್ಜಿ ಉಜ್ಜಿ ಜಿಡ್ಡುಗಟ್ಟಿ ಕಪ್ಪಾಗಿತ್ತು.

"ಈ ಗೋಡೆ ಆಚೆಗೆ ಏನೈತೆ?" ಎಂದು ಕೇಳಿದಳು.

ಬೀರಕ್ಕ ವಾರ್ಡನ್ನರ ಕಡೆ ತಿರುಗಿದಳು. ಬನಶ್ರೀಯೇ ಹೇಳಿದಳು. "ನನ್ ರೂಮು."

ವಾರ್ಡನ್ ರೂಮಿನಲ್ಲಿ ಆ ಗೋಡೆಗೆ ಒರಗಿಸಿ ಹಳೇ ಮರದ ಬೀರು ಇತ್ತು. ಮೇಲಿನ ಅರೆಗಳಲ್ಲಿ ಫೈಲು. ಕೆಳಗಿನ ಅರೆಗೆ ಬೀಗ.

"ಇದ್ರಾಗೆ?"

"ಹಳೇ ರಿಜಿಸ್ಟರು... ಆಮೇಲೆ ಹುಡ್ಗೀರ ತಿಂಡಿ." ಬನಶ್ರೀಯ ಮಾತು ನಿಧಾನವಾಯಿತು. ರೂಮಿನಲ್ಲಿ ತಿಂಡಿ ಇಟ್ಟುಕೊಂಡರೆ ಇಲಿ ಬರುತ್ತವೆ ಎಂದು ಆಕೆಯೇ ನಿಯಮ ಮಾಡಿದ್ದಳು. ಭಾನುವಾರ ತಂದೆತಾಯಿ ತಂದುಕೊಟ್ಟ ಚಿಕ್ಕಿ, ನಿಪ್ಪಟ್ಟು, ಕಡ್ಲೆಬೀಜದ ಉಂಡೆಗಳನ್ನೆಲ್ಲ ಕಿತ್ತುಕೊಂಡು, ರಟ್ಟಿನ ಡಬ್ಬಕ್ಕೆ ತುಂಬಿ, ರಜೆಗೆ ಊರಿಗೆ ಹೋಗುವಾಗ ಕೊಡುತ್ತೇನೆಂದು ಬೀಗ ಹಾಕಿದ್ದಳು. ಆರು ತಿಂಗಳಾಗಿತ್ತು. ಎರಡು ರಜೆ ಬಂದು ಹೋಗಿದ್ದವು. ಮರೆತೇಬಿಟ್ಟಿದ್ದಳು.

ಬೀಗ ತೆಗೆದಾಗ ಮೊದಲು ವಾಸನೆ ಬಂತು. ಡಬ್ಬದ ಮೂಲೆಯಲ್ಲಿ ದುಂಡಗೆ ತೂತು. ಚಿಕ್ಕಿಯ ಕಾಗದವಷ್ಟೇ ಉಳಿದಿತ್ತು. ಹಿಂದೆ, ಹೋದ ವರ್ಷದ ಹಾಜರಿ ಪುಸ್ತಕವನ್ನು ಹತ್ತಿಯ ಹಾಗೆ ಚಿಂದಿ ಮಾಡಿ ಕಟ್ಟಿದ ಗೂಡು. ಎರಡು ದೊಡ್ಡ ಇಲಿಗಳು ಸರ್ರನೆ ಕೊಳವೆ ಕಡೆ ಓಡಿದವು. ಗೂಡಿನಲ್ಲಿ ಮರಿಗಳು ಒಂದರ ಮೇಲೊಂದು ಮಿಸುಕಾಡುತ್ತಿದ್ದವು.

"ಇದು ಮನೆ ಕಣಮ್ಮ," ಎಂದಳು ಬನಶಂಕರಮ್ಮ. "ಊಟ ಇಲ್ಲೇ, ಮಲ್ಗೋದು ಇಲ್ಲೇ. ಆ ಕಡೀಕೆ ಹೋಗೋದು ಬಾಯಿ ಬದ್ಲಾಯ್ಸಕ್ಕೆ. ಹಿಕ್ಕೆ ಬಿದ್ದಿದ್ದು ರವೆ ಬಟ್ಟಲಿಗೆ, ಅದ್ನ ಬೋರಲು ಹಾಕ್ದೆ ಇರೋದೊಂದು ಬೀರಕ್ಕನ ತಪ್ಪು. ಅಷ್ಟೇ."

ಬೀರಕ್ಕ ಹೊಸಿಲ ಹತ್ತಿರ ನಿಂತಿದ್ದಳು. ಬನಶ್ರೀ ಆಕೆಯ ಕಡೆ ತಿರುಗಿದಳು, ಮತ್ತೆ ನೆಲ ನೋಡಿದಳು. ಆಮೇಲೆ ಮೇಜಿನ ಮೇಲಿದ್ದ ಮೆಮೊ ಪ್ರತಿಯನ್ನು ಎತ್ತಿ ಹರಿದಳು.

"ನನ್ನಿಂದ ತಪ್ಪಾಯ್ತು ಬೀರಕ್ಕ."

"ನೀವು ದೊಡ್ಡೋರು ಮೇಡಮ್ಮೋರೆ," ಎಂದಳು ಬೀರಕ್ಕ. ಒಪ್ಪಿದಳೋ ಬಿಟ್ಟಳೋ ಆ ಮಾತಿನಲ್ಲಿ ತಿಳಿಯುವಂತಿರಲಿಲ್ಲ. ಗೂಡನ್ನು ಹಾಗೇ ಒಂದು ಮೊರಕ್ಕೆ ಎತ್ತಿಕೊಂಡು ಕಾಂಪೌಂಡಿನಾಚೆಯ ಬೇಲಿಯ ಕಡೆ ನಡೆದಳು.

ಎರಡು ದಿನ ಕೆಲಸ ನಡೆಯಿತು. ಬೀರುವನ್ನು ಗೋಡೆಯಿಂದ ಒಂದು ಮೊಳ ಈಚೆಗೆ ಎಳೆದರು. ಕೊಳವೆಯ ಸಂದಿಗೆ ನಾರು ತುರುಕಿ ಸಿಮೆಂಟು ಹಾಕಿದರು. ಬೋನುಗಳಲ್ಲಿ ಒಂಬತ್ತು ಸಿಕ್ಕವು. ಬೀರಕ್ಕನ ಪಾತ್ರೆಪಗಡೆಯೆಲ್ಲ ಕುದಿವ ನೀರಿನಲ್ಲಿ ತೊಳೆದು ಬೋರಲಾದವು.

ಗುರುವಾರ ಬಂದ ಅಧಿಕಾರಿ ಸಾಮಾನಿನ ಕೋಣೆ ನೋಡಿ, ಅಡುಗೆಯವಳ ಮೇಲೆ ಏನು ಕ್ರಮ ತೆಗೆದುಕೊಂಡಿರಿ ಎಂದು ಕೇಳಿದರು. ಮೆಮೊ ಕೊಟ್ಟಿದ್ದೇನೆ ಸಾರ್ ಎಂದು ಹೇಳಿ ಬನಶ್ರೀ ದಾಟಿಕೊಳ್ಳಬಹುದಾಗಿತ್ತು. ತಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಅವರ ತಪ್ಪಲ್ಲ ಸಾರ್. ಗೂಡು ಇದ್ದಿದ್ದು ನನ್ನ ಬೀರುವಿನಲ್ಲಿ," ಎಂದಳು ಬನಶ್ರೀ. ಬೀರು ತೆಗೆದು ತೋರಿಸಿದಳು. ಅಧಿಕಾರಿ ಹಾಜರಿ ಪುಸ್ತಕದಲ್ಲಿ ಅರ್ಧ ಉಳಿದಿದ್ದ ಹಾಳೆಗಳನ್ನು ತಿರುಗಿಸಿ ನೋಡಿ, ಮುಖ ಗಂಟಿಕ್ಕಿಕೊಂಡು ಬರೆದುಕೊಂಡರು. ಹದಿನೈದು ದಿನಕ್ಕೆ ಬನಶ್ರೀಗೇ ಎಚ್ಚರಿಕೆಯ ಪತ್ರ ಬಂತು. ಅವಳು ಅದನ್ನು ಫೋನಿನಲ್ಲಿ ಅಮ್ಮನಿಗೆ ಪೂರ್ತಿ ಓದಿ ಹೇಳಿದಳು. ಅಳಲಿಲ್ಲ.

ಹುಡುಗಿಯರಿಗೆ ಈಗ ಬಿಗಿ ಮುಚ್ಚಳದ ಒಂದೊಂದು ತಗಡಿನ ಡಬ್ಬಿ. ತಿಂಡಿ ಅವರ ಹತ್ತಿರವೇ ಇರುತ್ತದೆ. ಇಲಿಗಳು ಪೂರ್ತಿ ಹೋಗಿಲ್ಲ. ಹೋಗುವುದೂ ಇಲ್ಲ ಎಂದು ಬನಶಂಕರಮ್ಮ ಮಗಳಿಗೆ ಹೊರಡುವಾಗಲೇ ಹೇಳಿದ್ದಳು. ಉಳಿದ ಒಂದು ಜೋಡಿ ಸಾಕು, ಮೂರು ವಾರಕ್ಕೆ ಮರಿ, ಆ ಮರಿ ಎರಡು ತಿಂಗಳಿಗೆ ತಾಯಿ. ಜನ ಉಣ್ಣುವ ಕಡೆ ಅವು ಉಣ್ಣುತ್ತವೆ. ನಾವು ಮರೆತ ಮೂಲೆ ಎಷ್ಟಿದೆಯೋ ಅಷ್ಟು ಅವುಗಳ ಸಂಸಾರ.

ಬೀರಕ್ಕ ಕೆಲಸ ಬಿಡಲಿಲ್ಲ. ಆದರೆ ಇನ್ಸ್‌ಪೆಕ್ಷನ್ ಮುಗಿದ ಮಾರನೇ ದಿನ ಸಾಮಾನಿನ ಕೋಣೆಯ ಬೀಗದ ಕೈಯನ್ನು ತಂದು ಬನಶ್ರೀಯ ಮೇಜಿನ ಮೇಲಿಟ್ಟಳು.

"ಇದು ನಿಮ್ಮತ್ರಾನೇ ಇರ್ಲಿ ಮೇಡಮ್ಮೋರೆ. ನೀವ್ ತೆಗೀರಿ, ನಾ ಅಡ್ಗೆ ಮಾಡ್ತೀನಿ."

ಹನ್ನೊಂದು ವರ್ಷ ಆ ಬೀಗದ ಕೈ ಬೀರಕ್ಕನ ಸೊಂಟದಲ್ಲಿತ್ತು. ಬನಶ್ರೀ ಎರಡು ಸಲ ವಾಪಸ್ಸು ಕೊಡಲು ನೋಡಿದಳು. ಬೀರಕ್ಕ ತೆಗೆದುಕೊಳ್ಳಲಿಲ್ಲ. ಅಂದಿನಿಂದ ವಾರ್ಡನ್ ಮೇಡಂ ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಬಂದು ಬೀಗ ತೆಗೆಯಬೇಕು, ಅಕ್ಕಿ ಅಳೆಯುವವರೆಗೆ ನಿಲ್ಲಬೇಕು. ಚಳಿಗಾಲದಲ್ಲಿ ಇದು ಸಾಕಾಗಿ ತಾಯಿಗೆ ಫೋನು ಮಾಡಿದಳು.

"ನೀನೊಂದ್ಮಾತು ಹೇಳಮ್ಮಾ ಆಕೆಗೆ. ನಿನ್ ಮಾತು ಕೇಳ್ತಾಳೆ."

ಬನಶಂಕರಮ್ಮ ಆ ಹೊತ್ತು ಮಗ್ಗದಲ್ಲಿ ಕೂತಿದ್ದಳು. ಲಾಳಿ ನಿಲ್ಲಿಸಿದಳು.

"ನಾ ಹೇಳಲ್ಲ ಕಣಮ್ಮ," ಎಂದಳು. "ಈಸ್ಕೋಬೇಕು ಅನ್ನಿಸ್ದಾಗ ಅವ್ಳೇ ಈಸ್ಕೊತಾಳೆ. ಅಲ್ಲೀಗಂಟ ಎದ್ದು ತೆಗಿ."

ಬನಶ್ರೀ ತೆಗೆಯುತ್ತಿದ್ದಾಳೆ.